ಹಳೆಯ ಬೆಂಚ್ ಗ್ರೈಂಡರ್ ಕೊಂಡವರು ಮೊದಲು ಕಲ್ಲನ್ನು ಪರೀಕ್ಷಿಸಿ
ಗುಜರಿಯಲ್ಲಿ ಸಿಕ್ಕ ಹಳೆಯ ಬೆಂಚ್ ಗ್ರೈಂಡರನ್ನು (ಹತ್ಯಾರುಗಳಿಗೆ ಸಾಣೆ ಹಿಡಿಯುವ, ಮೇಜಿನ ಮೇಲೆ ಕೂರಿಸುವ ಯಂತ್ರ) ಮನೆಗೆ ತಂದ ಕೂಡಲೇ ಪ್ಲಗ್ ಹಾಕಿ ತಿರುಗಿಸಿ ನೋಡುವ ಆಸೆ ಸಹಜವಾದರೂ, ದಯವಿಟ್ಟು ಸ್ವಲ್ಪ ತಡೆದುಕೊಳ್ಳಿ. ಎರಕದ ಕಬ್ಬಿಣದ ಮೈಗೆ ಹಿಡಿದ ತುಕ್ಕನ್ನು ನಿಧಾನವಾಗಿ ತೆಗೆಯಬಹುದು. ನಿಜವಾದ ಅಪಾಯವಿರುವುದು ಸಾಣೆ ಕಲ್ಲಿನಲ್ಲಿ.

ಕಲ್ಲು ಬಿಚ್ಚುವಾಗ, ಎಡಬದಿಯ ನಟ್‌ಗೆ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುವುದರಿಂದ ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮಾತ್ರ ಸಡಿಲವಾಗುತ್ತದೆ ಎಂಬುದನ್ನು ನೆನಪಿಡಿ. (ಇದು ತಿಳಿಯದೆ ಶಾಫ್ಟ್ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.) ಬಿಚ್ಚಿದ ಕಲ್ಲನ್ನು ಒರೆಸಿ, ಒಣಗಿಸಿ, ನಡುವಿನ ರಂಧ್ರಕ್ಕೆ ಬೆರಳು ತೂರಿಸಿ ತೂಗುಬಿಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಂಟೆಯಂತೆ ಸ್ಪಷ್ಟ ನಾದ ಬಂದರೆ ಸರಿ. ಒಡಕು ಮಡಕೆಯ ಸದ್ದು ಬಂದರೆ, ಬಿರುಕು ಕಣ್ಣಿಗೆ ಕಾಣದಿದ್ದರೂ ಅದನ್ನು ಒಡೆದು ಎಸೆಯಿರಿ. ಎಣ್ಣೆ ಕುಡಿದ ಕಲ್ಲನ್ನೂ ನಾನು ಉಳಿಸಿಕೊಳ್ಳುವುದಿಲ್ಲ.

ಹೊಸ ಕಲ್ಲಿನ ಮೇಲೆ ನಮೂದಿಸಿದ ಗರಿಷ್ಠ ವೇಗವು ಮೋಟಾರಿನ ವೇಗಕ್ಕಿಂತ ಹೆಚ್ಚಿರಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವಗಳ ಮೋಟಾರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಕಲ್ಲಿಗೂ, ಅದನ್ನು ಪಕ್ಕದಿಂದ ಒತ್ತಿ ಹಿಡಿಯುವ ಲೋಹದ ಬಿಲ್ಲೆಯಾದ ಫ್ಲೇಂಜಿಗೂ ನಡುವೆ ಕಾಗದದ ಬಿಲ್ಲೆಯನ್ನು ಮರೆಯದೆ ಇಡಿ, ನಟ್ಟನ್ನು ಅತಿಯಾಗಿ ಬಿಗಿಯಬೇಡಿ, ಟೂಲ್ ರೆಸ್ಟ್ (ಹತ್ಯಾರನ್ನು ಊರಿ ಹಿಡಿಯುವ ಪಟ್ಟಿ) ಮತ್ತು ಕಲ್ಲಿನ ನಡುವಿನ ಅಂತರ 3 ಮಿಲಿಮೀಟರ್ ಮೀರದಂತೆ ಹೊಂದಿಸಿ.

ಬಟ್ಟೆ ಸುತ್ತಿದ ಹಳೆಯ ವೈರನ್ನು ಬದಲಿಸಿ, ಅರ್ಥಿಂಗ್ ಕೊಟ್ಟ ಮೇಲೆಯೇ ಸ್ವಿಚ್ ಹಾಕಿ. ಮೊದಲ ಒಂದು ನಿಮಿಷ ಕಲ್ಲಿನ ರಕ್ಷಣಾ ಕವಚಗಳಾದ ಗಾರ್ಡುಗಳನ್ನು ತೆಗೆಯದೆ, ಕಲ್ಲಿನ ಎದುರಿಗೆ ನಿಲ್ಲದೆ, ಪಕ್ಕಕ್ಕೆ ಸರಿದು ನಿಂತು ಓಡಿಸಿ ನೋಡಿ.