ಕೆರೆ, ತೋಪು, ಕಟ್ಟೆ: ಊರಿನ ಜಾಗಕ್ಕೆ ಮೊದಲ ಸಲ ಪ್ಲಾನ್ ಮಾಡುವವರಿಗೆ

ಐದು ವರ್ಷದ ಬಿ.ಆರ್ಕ್ ಮುಗಿದಿದೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ರಿಜಿಸ್ಟ್ರೇಷನ್ ಕೂಡ ಬಂದಿದೆ. ಒಂದೆರಡು ಮನೆ ಕಟ್ಟಿಸಿದ್ದೀರಿ. ಆಗ ಯಾರೋ ಫೋನ್ ಮಾಡಿ, "ನಮ್ಮೂರ ಕೆರೆ ಪಕ್ಕದ ಜಾಗ ಸುಮ್ನೆ ಬಿದ್ದಿದೆ, ಒಂದು ಪ್ಲಾನ್ ಮಾಡಿಕೊಡ್ತೀರಾ?" ಅಂತ ಕೇಳುತ್ತಾರೆ. ಈ ಬರಹ ಅಂಥ ಕೆಲಸ ಒಪ್ಪಿಕೊಂಡವರಿಗೆ.

ನಾನು ತಿಪಟೂರಿನ ಕಡೆಯವಳು. ಈಗ ಯಲಹಂಕದ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿದ್ದೇನೆ. ಕೆರೆ ಅಂಚು, ಗುಂಡುತೋಪು (ಊರಿಗೆಲ್ಲ ಸೇರಿದ ಮರಗಳ ತೋಪು), ಶಾಲೆ ಅಂಗಳ, ಸಂತೆ ಮೈದಾನ, ಇಂಥವೇ ನಮ್ಮ ಕೆಲಸ. ಸುಮ್ನೆ ಬಿದ್ದಿದೆ ಎನ್ನುವ ಜಾಗವನ್ನು ನಾನು ಇದುವರೆಗೆ ನೋಡಿಲ್ಲ. ಅಲ್ಲಿ ಮಳೆನೀರು ಹರಿಯುತ್ತಿರುತ್ತದೆ, ಹಸು ಮೇಯುತ್ತಿರುತ್ತವೆ, ಯಾರೋ ರಾಗಿ ಒಣಗಿಸುತ್ತಿರುತ್ತಾರೆ. ಇದೆಲ್ಲ ಮೊದಲು ನಿಮ್ಮ ಡ್ರಾಯಿಂಗಿನಲ್ಲಿ ಬರಬೇಕು. ಇರುವುದು ಸರಿಯಾಗಿ ಕಾಗದಕ್ಕೆ ಇಳಿದರೆ, ಹೊಸದಾಗಿ ಸೇರಿಸಬೇಕಾದದ್ದು ತುಂಬಾ ಕಡಿಮೆ ಅಂತ ನಿಮಗೇ ಕಾಣುತ್ತದೆ.

ನೀರಿನ ಜೊತೆ ನಡೆಯಿರಿ

ಮೊದಲ ಭೇಟಿ ಮಳೆ ಬಂದ ದಿನ ಆದರೆ ಒಳ್ಳೆಯದು. ಕ್ಯಾಮೆರಾಗಿಂತ ಮೊದಲು ಗಂಬೂಟು ತಗೊಳ್ಳಿ. ಕೆರೆಯ ಅಂಗಗಳನ್ನು ಒಂದೊಂದಾಗಿ ಹುಡುಕಿ: ಏರಿ (ನೀರು ತಡೆಯುವ ಮಣ್ಣಿನ ಕಟ್ಟೆ), ತೂಬು (ಹೊಲಕ್ಕೆ ನೀರು ಬಿಡುವ ಬಾಗಿಲು), ಕೋಡಿ (ಕೆರೆ ತುಂಬಿದಾಗ ನೀರು ಹೊರಗೆ ಹರಿಯುವ ಜಾಗ), ನೀರು ಒಳಗೆ ಬರುವ ಕಾಲುವೆ, ಏರಿಯ ಕೆಳಗಿನ ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಹೊಲಗಳು). ಅಚ್ಚುಕಟ್ಟಿನಲ್ಲಿ ಈಗ ಲೇಔಟ್ ಎದ್ದಿರಬಹುದು. ಆದರೂ ಬರೆದುಕೊಳ್ಳಿ. ಊರಿನಲ್ಲಿ ನೀರಗಂಟಿ (ಕೆರೆ ನೀರು ಬಿಡುವ ಕೆಲಸದ) ಮನೆತನದವರು ಯಾರಾದರೂ ಇದ್ದಾರಾ ಅಂತ ಕೇಳಿ. ಯಾವ ವರ್ಷ ಕೋಡಿ ಬಿತ್ತು, ನೀರು ಎಲ್ಲಿಯವರೆಗೆ ನಿಂತಿತ್ತು ಅಂತ ಅವರು ಕೈ ತೋರಿಸಿ ಹೇಳುತ್ತಾರೆ. ಆ ಜಾಗಕ್ಕೆ ಬಣ್ಣದ ಗುರುತು ಹಾಕಿ, ಆಮೇಲೆ ಲೆವೆಲ್ ತೆಗೆಸಿ.

ಇಡೀ ಸರ್ವೆಯಲ್ಲಿ ಕೋಡಿಯ ಮಟ್ಟಕ್ಕಿಂತ ಮುಖ್ಯವಾದ ಅಂಕಿ ಇಲ್ಲ. ಕೆರೆಯ ಕಡೆ ಅದಕ್ಕಿಂತ ಕೆಳಗೆ ಇಟ್ಟದ್ದೆಲ್ಲ ಒಂದಲ್ಲ ಒಂದು ವರ್ಷ ಮುಳುಗುತ್ತದೆ. ಬೆಂಚು, ದೀಪದ ಕಂಬ, ಟಾಯ್ಲೆಟ್ ಎಲ್ಲ ಮೇಲೆ ಬರಲಿ. ಮೆಟ್ಟಿಲು, ಹುಲ್ಲು, ದನ ನೀರಿಗಿಳಿಯುವ ಇಳಿಜಾರು ಕೆಳಗಿದ್ದರೆ ತೊಂದರೆ ಇಲ್ಲ.

ಆಮೇಲೆ ಕೆರೆಯ ಆಚೆಗೂ ನಡೆಯಿರಿ. ನಮ್ಮ ಕಡೆಯ ಕೆರೆಗಳು ಸರಣಿಯಲ್ಲಿವೆ. ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ ಹೋಗುತ್ತದೆ. ಬೆಂಗಳೂರು ದಿಣ್ಣೆಯ ಮೇಲಿರುವ ಊರು. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ನಿಮ್ಮ ಜಾಗ ಯಾವ ಕಣಿವೆಯಲ್ಲಿದೆ, ಮೇಲೆ ಯಾವ ಕೆರೆ, ಕೆಳಗೆ ಯಾವ ಕೆರೆ ಅಂತ ಮೊದಲ ಹಾಳೆಯಲ್ಲೇ ಬರೆಯಿರಿ.

ಒಂದು ಲೆಕ್ಕ ಸದಾ ನೆನಪಿರಲಿ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಮಳೆ ಬಂದರೆ ಅಲ್ಲಿ ಬೀಳುವ ನೀರು 2 ಲಕ್ಷ ಲೀಟರ್‌ಗೂ ಜಾಸ್ತಿ. ಮಣ್ಣಾದರೆ ಒಂದಷ್ಟು ಕುಡಿಯುತ್ತದೆ. ಕಾಂಕ್ರೀಟ್ ಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಪಕ್ಕದ ಮನೆಗಳ ಕಡೆ ಹರಿಯುತ್ತದೆ. ಪೇವರ್ (ನೆಲಕ್ಕೆ ಹಾಸುವ ಸಿಮೆಂಟ್ ಬ್ಲಾಕು) ಹಾಕಿ ಅಂತ ಯಾರಾದರೂ ಒತ್ತಾಯಿಸಿದರೆ ಈ ಲೆಕ್ಕವನ್ನು ಅವರ ಮುಂದೆಯೇ ಮಾಡಿ ತೋರಿಸಿ.

ಕೆರೆ ಹೂಳೆತ್ತುವ ಮಾತು ಬಂದೇ ಬರುತ್ತದೆ. ಎಲ್ಲ ಕಡೆ ಒಂದೇ ಆಳಕ್ಕೆ ತೋಡಿ, ಸುತ್ತಲೂ ಆ ಮಣ್ಣಿನಲ್ಲೇ ಏರಿ ಕಟ್ಟಿ, ಮೇಲೆ ವಾಕಿಂಗ್ ಪಾತ್ ಮಾಡುವುದು ರೂಢಿಯಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕೆರೆ ಊಟದ ತಟ್ಟೆಯ ಹಾಗೆ ಅಂಚಿನಲ್ಲಿ ತೆಳುವಾಗಿರಬೇಕು. ಆ ತೆಳು ನೀರಿನಲ್ಲೇ ಕೊಕ್ಕರೆ ಓಡಾಡುತ್ತದೆ, ಮೀನು ಮರಿ ಮಾಡುತ್ತದೆ, ದನ ಕುಡಿಯುತ್ತದೆ. ಸುತ್ತ ಕಟ್ಟಿದ ಹೊಸ ಏರಿ ಕೆರೆಯ ಜಾಗ ತಿನ್ನುವುದಲ್ಲದೆ, ಹೊಲದ ಕಡೆಯಿಂದ ಬರುವ ನೀರನ್ನೂ ತಡೆಯುತ್ತದೆ. ಕೊಳಚೆ ನೀರು ಬರುತ್ತಿದ್ದರೆ ಜಕ್ಕೂರು ಕೆರೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಶುದ್ಧೀಕರಿಸಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಡ್ರಾಯಿಂಗ್ ನೋಡಿ ಕಲಿಯುವುದಕ್ಕಿಂತ ಅಲ್ಲಿ ಅರ್ಧ ದಿನ ನಿಂತು ಕಲಿಯುವುದು ಜಾಸ್ತಿ.

ಜಾಗ ಯಾರದು?

ಇದನ್ನು ಬೇಗ ಮುಗಿಸಿ, ಆದರೆ ಬಿಡಬೇಡಿ. ಸರ್ವೆ ನಂಬರ್ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದೆ. ಅದು ದಾರಿ ತೋರಿಸಲು ಮಾತ್ರ. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ ತೆಗೆಸಿ. ಗಡಿ ಗಟ್ಟಿಯಾಗಬೇಕಾದರೆ ಸರ್ವೆ ಇಲಾಖೆಯಿಂದ ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು, ಮಾಡಿಸಿ. ಗ್ರಾಮ ನಕ್ಷೆಯಲ್ಲಿ ಕಾಲುವೆ, ಬಂಡಿ ದಾರಿ, ಸ್ಮಶಾನಕ್ಕೆ ಹೋಗುವ ದಾರಿ ಎಲ್ಲ ಇರುತ್ತವೆ. ಪಹಣಿಯಲ್ಲಿ 'ಬಿ' ಖರಾಬು ಅಂತ ಇದ್ದರೆ ಅದು ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಹಳೆಯವರು ಗುಂಟೆಯಲ್ಲೇ ಮಾತಾಡುತ್ತಾರೆ: 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ.

ಕೆರೆ ಯಾರ ಕೈಯಲ್ಲಿದೆ ಅಂತಲೂ ನೋಡಿ. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟು ಇದ್ದರೆ ಪಂಚಾಯಿತಿ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಮೀನು ಹಿಡಿಯುವ ಹಕ್ಕು ಯಾರಿಗೆ ಕೊಟ್ಟಿದ್ದಾರೆ ಅಂತ ಬೇರೆಯಾಗಿ ಕೇಳಿ. ಅವರನ್ನು ಬಿಟ್ಟು ಪ್ಲಾನ್ ಮಾಡಿದರೆ ಅನ್ಯಾಯವಾಗುತ್ತದೆ. ಪಾರ್ಕ್, ಮೈದಾನಗಳನ್ನು ಕಾಪಾಡಲು ರಾಜ್ಯದ 1985ರ ಕಾಯ್ದೆ ಇದೆ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಕೆರೆ ಸುತ್ತ ಎಷ್ಟು ಮೀಟರ್ ಬಿಡಬೇಕು ಎನ್ನುವುದು ಬದಲಾಗುತ್ತಾ ಬಂದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿಗೆ 75 ಮೀಟರ್ ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನೀವು ಗೆರೆ ಎಳೆಯುವ ದಿನ ಯಾವ ನಿಯಮ ಇದೆಯೋ ಅದನ್ನು ಕೇಳಿ ಬರೆದುಕೊಳ್ಳಿ.

ಜನರನ್ನು ಕೇಳುವುದು

ನನಗೆ ಅತಿ ಇಷ್ಟದ ಭಾಗ ಇದು. ಜಾಸ್ತಿ ಸಮಯ ಬೇಡುವುದೂ ಇದೇ.

"ಇಲ್ಲಿ ಏನು ಬೇಕು?" ಅಂತ ಕೇಳಬೇಡಿ. ಉತ್ತರ ಎಲ್ಲ ಊರಲ್ಲೂ ಒಂದೇ: ಕಾಂಪೌಂಡು, ಓಪನ್ ಜಿಮ್, ಹೈಮಾಸ್ಟ್ ಲೈಟು. ಬೇರೆ ಕಡೆ ನೋಡಿದ್ದನ್ನೇ ಜನ ಹೇಳುತ್ತಾರೆ, ಅದರಲ್ಲಿ ತಪ್ಪಿಲ್ಲ. ಅದರ ಬದಲು "ನಿನ್ನೆ ಇಲ್ಲಿಗೆ ಎಷ್ಟೊತ್ತಿಗೆ ಬಂದಿದ್ರಿ, ಏನು ಮಾಡಿದ್ರಿ?" ಅಂತ ಕೇಳಿ. ಆಗ ನಿಜವಾದ ಜಾಗ ಬಾಯಿಬಿಡುತ್ತದೆ. ಬೆಳಿಗ್ಗೆ ಹುಲ್ಲು ಕೊಯ್ಯುವ ಅಕ್ಕ, ಶಾಲೆ ಬಿಟ್ಟ ಮೇಲೆ ಕ್ರಿಕೆಟ್ ಆಡುವ ಹುಡುಗರು, ಕಟ್ಟೆ ಮೇಲೆ ಚೌಕಾಬಾರ ಆಡುವ ತಾತಂದಿರು, ನಾಗರಕಲ್ಲಿಗೆ ಹಾಲು ಹಾಕಲು ಬರುವ ಹೆಂಗಸರು. ಒಂದೇ ಜಾಗದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಬೇರೆ ಬೇರೆ ಟ್ರೇಸಿಂಗ್ ಹಾಳೆ ಇಟ್ಟು ಬಿಡಿಸಿ. ಎಲ್ಲಿ ಗೆರೆಗಳು ಒಂದರ ಮೇಲೊಂದು ಬರುತ್ತವೋ ಅಲ್ಲಿ ಏನೂ ಕಟ್ಟಬೇಡಿ.

ಗ್ರಾಮಸಭೆಯಲ್ಲಿ ಹೆಂಗಸರು ಮಾತಾಡುವುದು ಕಡಿಮೆ. ಹಾಲಿನ ಡೇರಿ ಹತ್ತಿರ ಬೆಳಿಗ್ಗೆ ನಿಲ್ಲಿ. ಸ್ವಸಹಾಯ ಸಂಘದ ಸಭೆಗೆ ಹೋಗಿ ಕೂತುಕೊಳ್ಳಿ. ಒಂದು ಊರಲ್ಲಿ ನಾನು ನೀರಿನ ಅಂಚಿಗೆ ಸಾಲಾಗಿ ಕಲ್ಲುಬೆಂಚು ತೋರಿಸುತ್ತಿದ್ದೆ. ಒಬ್ಬ ಅಜ್ಜಿ, "ಅಲ್ಲಿ ಬ್ಯಾಡ ಕಣಮ್ಮಿ, ಬಿಸಿಲಿಗೆ ಕಲ್ಲು ಕಾಯ್ತದೆ. ಹೊಂಗೆ ಮರದ ಅಡೀಲಿ ಒಂದು ಉದ್ದ ಜಗುಲಿ ಮಾಡು, ಮಲಗಕ್ಕೂ ಆಗ್ತದೆ" ಅಂದರು. ಇಂಥ ಮಾತು ಸಿಗಲಿ ಅಂತಲೇ ಮೊದಲು ಕಚ್ಚಾ ಸ್ಕೆಚ್ ತಗೊಂಡು ಹೋಗುವುದು. ಪೂರ್ತಿ ಬಣ್ಣ ಹಚ್ಚಿದ ಚಿತ್ರ ಕೊಟ್ಟರೆ ಜನ ಚೆನ್ನಾಗಿದೆ ಅಂತ ಹೇಳಿ ಹೊರಟುಬಿಡುತ್ತಾರೆ.

ಸಭೆ ಎಲ್ಲಿ ಕರೆಯುತ್ತೀರಿ ಎನ್ನುವುದೂ ಮುಖ್ಯ. ದೇವಸ್ಥಾನದ ಮುಂದೆ ಕರೆದರೆ ಕಾಲೋನಿಯಿಂದ, ಅಂದರೆ ದಲಿತರ ಕೇರಿಯಿಂದ, ಎಲ್ಲರೂ ಬರುವುದಿಲ್ಲ. ಸರ್ಕಾರಿ ಶಾಲೆ ಅಂಗಳದಲ್ಲಿ ಕರೆಯಿರಿ. ಕಾಲೋನಿಗೆ ನೀವೇ ಹೋಗಿ ಹೇಳಿ ಬನ್ನಿ. ಕಟ್ಟೆ ಮೇಲೆ ಯಾರು ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ ಅಂತ ನೋಡಿದ್ದನ್ನು ಮರೆಯಬೇಡಿ. ಎಲ್ಲರೂ ಕೂರುವ ಹೊಸ ಜಾಗ ಎರಡೂ ಕಡೆಯ ದಾರಿಗಳಿಂದ ಸಿಗುವ ಹಾಗೆ ಇಡುವುದು ಆರ್ಕಿಟೆಕ್ಟ್ ಮಾಡಬಹುದಾದ ಕೆಲಸ. ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಪ್ಲಾನ್ ಒಂದು ಹಂತಕ್ಕೆ ಬಂದ ಮೇಲೆ ನೆಲದ ಮೇಲೇ ಬಿಡಿಸಿ. ದಾರ, ಗೂಟ, ಸುಣ್ಣದ ಪುಡಿ ಸಾಕು. ಮನೆ ಪಾಯಕ್ಕೆ ಮಾರ್ಕಿಂಗ್ ಮಾಡುತ್ತೇವಲ್ಲ, ಹಾಗೇ ನಿಜವಾದ ಅಳತೆಯಲ್ಲಿ ದಾರಿ, ಜಗುಲಿ, ಮೆಟ್ಟಿಲು ಎಲ್ಲ ಹಾಕಿ. ಪಿಚ್ ಎಲ್ಲಿ ಬರಬೇಕು ಅಂತ ಹುಡುಗರೇ ಗೂಟ ಕಿತ್ತು ಸರಿಸುತ್ತಾರೆ, ಸರಿಸಲಿ. ಟ್ರ್ಯಾಕ್ಟರ್ ಇಲ್ಲಿ ತಿರುಗಲ್ಲ ಅಂತ ಯಾರೋ ಹೇಳುತ್ತಾರೆ, ಓಡಿಸಿ ತೋರಿಸಲು ಹೇಳಿ. ಸಂಜೆ ಸುಣ್ಣದ ಗೆರೆ ಎಲ್ಲಿ ಉಳಿದಿದೆಯೋ ಅದನ್ನು ಮತ್ತೆ ಅಳೆದುಕೊಳ್ಳಿ. ಅದೇ ನಿಮ್ಮ ಫೈನಲ್ ಪ್ಲಾನ್.

ಗಿಡ, ಕಲ್ಲು, ಅಳತೆ

ದಾರಿ 1.8 ಮೀಟರ್ ಅಗಲ ಇರಲಿ, ಎರಡು ಗಾಲಿಕುರ್ಚಿ ಎದುರುಬದುರು ಹಾಯಬಹುದು. ರ‍್ಯಾಂಪ್ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗುವುದು ಬೇಡ. ಕೂರುವ ಎತ್ತರ 450 ಮಿ.ಮೀ. ಮರದ ಬುಡದ ಸುತ್ತ ಕನಿಷ್ಠ 1 ಮೀಟರ್ ಮಣ್ಣು ಬಿಡಿ.

ಗುಂಡುತೋಪಿನಲ್ಲಿ ಏನಿದೆಯೋ ಅದನ್ನೇ ಮುಂದುವರಿಸಿ: ಹುಣಸೆ, ಮಾವು, ಹೊಂಗೆ, ನೇರಳೆ, ಹಲಸು. ಹೊಂಗೆ ಬೇಸಿಗೆ ಶುರುವಿನಲ್ಲೇ ಎಲೆ ಉದುರಿಸಿ ಬೇಗ ಚಿಗುರುತ್ತದೆ, ಬಿಸಿಲು ಏರುವ ಹೊತ್ತಿಗೆ ನೆರಳು ಸಿದ್ಧ. ಹೂವಿನ ಸಾಲು ಬೇಕು ಎಂದರೆ ಕಕ್ಕೆ, ಮುತ್ತುಗ, ಹೊಳೆದಾಸವಾಳ ಇವೆ. ವರ್ಷದ ಬೇರೆ ಬೇರೆ ತಿಂಗಳಲ್ಲಿ ಒಂದಾದ ಮೇಲೊಂದು ಅರಳುವ ಮರಗಳನ್ನು ಬೆಂಗಳೂರಿನ ಬೀದಿಗೆ ತಂದವರಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಮುಖ್ಯರು. ಅವರು ಬೆಂಗಳೂರಿಗೆ ಬಂದದ್ದು 1908ರಲ್ಲಿ. ಅವರ ಯೋಚನೆಯನ್ನು ನಮ್ಮ ಮರಗಳಲ್ಲೇ ಮಾಡಬಹುದು. ಗುಲ್‌ಮೊಹರ್ ಮಾತ್ರ ಬೆಂಚಿನ ಮೇಲೆ ಬೇಡ, ಮುಂಗಾರಿಗೆ ಮುಂಚಿನ ಗಾಳಿಗೆ ಕೊಂಬೆ ಮುರಿಯುತ್ತದೆ. ಸಸಿಯನ್ನು ಜೂನ್‌ನಲ್ಲಿ ನೆಡಿ. ಎರಡು ಬೇಸಿಗೆ ನೀರು ಹಾಕುವ ಖರ್ಚನ್ನೂ ಎಸ್ಟಿಮೇಟಿಗೆ ಸೇರಿಸಿ.

ಎಸ್ಟಿಮೇಟ್, ಮೇಸ್ತ್ರಿ, ಫೀಸು

ಸರ್ಕಾರಿ ಹಣವಾದರೆ ಇಲಾಖೆಯ ದರಪಟ್ಟಿ (ಶೆಡ್ಯೂಲ್ ಆಫ್ ರೇಟ್ಸ್) ತಿಳಿದಿರಬೇಕು. ಎಲ್ಲರೂ ಎಸ್‌ಆರ್ ಅನ್ನುತ್ತಾರೆ. ಅದರಲ್ಲಿಲ್ಲದ ಐಟಂಗೆ ರೇಟ್ ಅನಾಲಿಸಿಸ್ (ಸಾಮಾನು, ಕೂಲಿ ಬಿಡಿಸಿ ದರದ ಲೆಕ್ಕ) ಮಾಡಿ ಒಪ್ಪಿಸಬೇಕು. ಹಾಗಾಗಿ ಎಸ್‌ಆರ್‌ನಲ್ಲಿರುವ ಸೈಜುಗಲ್ಲು, ಚಪ್ಪಡಿ, ಮಣ್ಣು ಕೆಲಸದಲ್ಲೇ ಎಷ್ಟು ಚೆನ್ನಾಗಿ ಮಾಡಬಹುದು ನೋಡಿ. ಹೊರಗಿನಿಂದ ತರಿಸಬೇಕಾದ ವಸ್ತು ಬರೆದರೆ ಕೊನೆಗೆ ಅದರ ಜಾಗದಲ್ಲಿ ಪೇವರ್ ಬಂದು ಕೂರುತ್ತದೆ. ಕೆಲಸ ಶುರುವಾದ ದಿನವೇ ಒಂದು ಮೀಟರ್ ಕಟ್ಟೆ ಮಾದರಿಗೆ ಕಟ್ಟಿಸಿ. ಮೇಸ್ತ್ರಿ ಅಣ್ಣನ ಜೊತೆ ನಿಂತು ಸಂದು ಎಷ್ಟಿರಬೇಕು, ಮೇಲ್ಗಲ್ಲು ಎಷ್ಟು ಮುಂದೆ ಬರಬೇಕು ಅಂತ ತೀರ್ಮಾನಿಸಿ. ಉಳಿದದ್ದಕ್ಕೆಲ್ಲ ಅದೇ ಅಳತೆ.

ಹಣ ಕಂತಿನಲ್ಲಿ ಬರುತ್ತದೆ, ಕೆಲವೊಮ್ಮೆ ಎರಡನೇ ಕಂತು ಬರುವುದೇ ಇಲ್ಲ. ಹಾಗಾಗಿ ಮೊದಲ ಹಂತ ಒಂದೇ ಮುಗಿದರೂ ಊರಿಗೆ ಉಪಯೋಗ ಆಗುವಂತೆ ವಿಂಗಡಿಸಿ: ಮೊದಲು ಕಾಲುವೆ, ಕೋಡಿ, ಮರ, ಆಮೇಲೆ ಜಗುಲಿ, ಕೊನೆಗೆ ಗೇಟು, ಬೋರ್ಡು.

ಫೀಸು ಕೇಳಲು ಸಂಕೋಚ ಬೇಡ. ಸರ್ವೆ ಖರ್ಚು ಬೇರೆ, ಡ್ರಾಯಿಂಗ್ ಬೇರೆ, ಸೈಟಿಗೆ ಬರುವುದು ಬೇರೆ ಅಂತ ಪತ್ರದಲ್ಲಿ ಬರೆದು ಸಹಿ ತಗೊಳ್ಳಿ. ಪುಕ್ಕಟೆ ಮಾಡಿಕೊಟ್ಟರೆ ಸೈಟಿಗೆ ಹೋಗುವುದು ನಿಧಾನಕ್ಕೆ ನಿಲ್ಲುತ್ತದೆ, ಆಗ ನಷ್ಟ ಊರಿಗೆ.

ಕೆಲಸ ಮುಗಿದಾಗ ಕನ್ನಡದಲ್ಲಿ ಒಂದು ಪುಟದ ಹಾಳೆ ಮಾಡಿ ಪಂಚಾಯಿತಿ ಆಫೀಸಿನಲ್ಲಿ ಅಂಟಿಸಿ. ಕಾಲುವೆ ಬಾಯಿಯ ಕಸ ಮೇ ತಿಂಗಳಲ್ಲಿ ಯಾರು ತೆಗೆಯಬೇಕು, ತೂಬನ್ನು ಯಾರು ಎತ್ತಬೇಕು, ಹುಲ್ಲು ಯಾರು ಕೊಯ್ಯಬಹುದು, ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಅಂತ ಹೆಸರು ಸಮೇತ ಇರಲಿ. ಗೇಟಿಗೆ ಮಧ್ಯಾಹ್ನ ಬೀಗ ಹಾಕಬಾರದು ಎನ್ನುವುದನ್ನೂ ಅದರಲ್ಲೇ ಸೇರಿಸಿ, ಏಕೆಂದರೆ ನೆರಳು ಜಾಸ್ತಿ ಬೇಕಾಗುವುದು ಆ ಹೊತ್ತಿಗೇ. ಮುಂದಿನ ಮುಂಗಾರಿನ ಮೊದಲ ದೊಡ್ಡ ಮಳೆಗೆ ಅದೇ ಹಾಳೆ ಹಿಡಿದು ನೀವೂ ಹೋಗಿ, ನೀರು ಎಲ್ಲೆಲ್ಲಿ ನಿಂತಿದೆ ಅಂತ ಅದರ ಹಿಂಬದಿಯಲ್ಲಿ ಬರೆದುಕೊಳ್ಳಿ.