ಕಾಲಲ್ಲಿ ಶಕ್ತಿ ಇಲ್ಲ ಎಂದು ಬರುವ ಮಗು: ತೊಡೆಯ ಎಂಆರ್‌ಐ ಕುರಿತು ನನ್ನ ಅನುಭವ

ಮೆಟ್ಟಿಲು ಹತ್ತಲು, ಕೂತಲ್ಲಿಂದ ಏಳಲು ಕಷ್ಟಪಡುವ ಮಗುವಿಗೆ ನಮ್ಮ ಕಡೆ ಮೊದಲು ಬರೆದುಕೊಡುವುದು ಬೆನ್ನುಹುರಿಯ ಎಂಆರ್‌ಐ. ಅದು ನಾರ್ಮಲ್ ಬಂದರೆ ಸೊಂಟದ ಕೀಲಿನದು, ಆಮೇಲೆ ಮಂಡಿಯದು. "ತೊಡೆಯ ಸ್ನಾಯು ನೋಡಿ" ಎಂದು ಬರೆದ ಚೀಟಿ ನನ್ನ ಮೇಜಿಗೆ ಬರುವುದು ಅಪರೂಪ. ಹುಬ್ಬಳ್ಳಿಯಲ್ಲಿ ರೇಡಿಯಾಲಜಿಸ್ಟ್ ಆಗಿ ಹೆಚ್ಚಾಗಿ ಮಕ್ಕಳ ಸ್ಕ್ಯಾನುಗಳನ್ನೇ ಓದುತ್ತಿರುವ ನನಗೆ, ಸ್ನಾಯು ಮತ್ತು ಚರ್ಮದ ಉರಿಯೂತದ ಕಾಯಿಲೆಯಾದ ಮಕ್ಕಳ ಡರ್ಮಟೊಮಯೊಸೈಟಿಸ್ ತಡವಾಗಿ ಪತ್ತೆಯಾಗಲು ಇದೇ ಒಂದು ದೊಡ್ಡ ಕಾರಣ ಎನಿಸಿದೆ. ರೋಗ ಇರುವ ಜಾಗದ ಚಿತ್ರವನ್ನೇ ಯಾರೂ ತೆಗೆಸಿರುವುದಿಲ್ಲ.

ಕಾಯಿಲೆ ಅಪರೂಪದ್ದು, ನಿಜ. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 2ರಿಂದ 4 ಮಕ್ಕಳಿಗೆ ಬರುತ್ತದೆ ಎಂದು ಪಾಶ್ಚಾತ್ಯ ದೇಶಗಳ ಲೆಕ್ಕ. ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ಶುರುವಾಗುತ್ತದೆ, ಹುಡುಗಿಯರಲ್ಲಿ ಹೆಚ್ಚು. ದೇಹದ ರೋಗನಿರೋಧಕ ವ್ಯವಸ್ಥೆ ಸ್ನಾಯು ಮತ್ತು ಚರ್ಮದ ಸೂಕ್ಷ್ಮ ರಕ್ತನಾಳಗಳ ಮೇಲೇ ತಿರುಗಿ ಬೀಳುತ್ತದೆ. ಉರಿಯೂತವಾದ ಸ್ನಾಯುವಿನಲ್ಲಿ ನೀರಿನ ಅಂಶ ಏರುತ್ತದೆ. ಎಂಆರ್‌ಐ ಹಿಡಿಯುವುದು ಆ ನೀರನ್ನು. ವಿಕಿರಣ ಇಲ್ಲ, ಸೂಜಿ ಚುಚ್ಚಬೇಕಿಲ್ಲ, ಎರಡೂ ತೊಡೆಗಳ ಎಲ್ಲ ಸ್ನಾಯುಗಳನ್ನೂ ಒಟ್ಟಿಗೆ ನೋಡಬಹುದು.

ಎರಡನೇ ಇಯತ್ತೆಯ ಒಬ್ಬ ಹುಡುಗಿಯ ಸ್ಕ್ಯಾನ್ ನನಗೆ ಚೆನ್ನಾಗಿ ನೆನಪಿದೆ. ಚೀಟಿಯಲ್ಲಿ ಇದ್ದದ್ದು "ಎರಡೂ ಸೊಂಟದ ಕೀಲು" ಎಂದು ಮಾತ್ರ. ಕೀಲುಗಳು ಸ್ವಚ್ಛವಾಗಿದ್ದವು, ಒಂದು ಹನಿ ನೀರೂ ಇರಲಿಲ್ಲ. ಆದರೆ ಚಿತ್ರದ ಕೆಳ ಅಂಚಿನಲ್ಲಿ, ತೊಡೆ ಶುರುವಾಗುವಲ್ಲಿ, ಸ್ನಾಯು ಬೆಳ್ಳಗೆ ಹೊಳೆಯುತ್ತಿತ್ತು. ಮಗುವನ್ನು ಟೇಬಲ್‌ನಿಂದ ಇಳಿಸಬೇಡಿ, ಮಂಡಿಯವರೆಗೆ ಮುಂದುವರಿಸಿ ಎಂದು ಟೆಕ್ನಿಷಿಯನ್‌ಗೆ ಹೇಳಿದೆ. ಬಂದ ಚಿತ್ರದಲ್ಲಿ ತೊಡೆಯ ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್ ಸ್ನಾಯು ಎರಡೂ ಕಡೆ ಮೋಡ ಕವಿದ ಹಾಗೆ ತೇಪೆ ತೇಪೆಯಾಗಿ ಬಿಳಿಯಾಗಿತ್ತು. ಹಿಂದೊಡೆಯ ಸ್ನಾಯುಗಳು ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿದಿದ್ದವು. ಚರ್ಮದ ಕೆಳಗಿನ ಕೊಬ್ಬಿನಲ್ಲಿ ಸಣ್ಣ ಬಿಳಿ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು.

ಸ್ಕ್ಯಾನ್ ಮುಗಿದ ಮೇಲೆ ಮಗುವಿನ ಕೈ ನೋಡಲು ನಾನೇ ಹೊರಗೆ ಹೋದೆ. ಬೆರಳ ಗೆಣ್ಣುಗಳ ಮೇಲೆ ಕೆಂಪಗೆ, ಸ್ವಲ್ಪ ಹೊಟ್ಟು ಏಳುತ್ತಿದ್ದ ಗುಳ್ಳೆಗಳು. ಕಣ್ಣರೆಪ್ಪೆಯ ಮೇಲೆ ನೇರಳೆ ಛಾಯೆ. ಬಿಸಿಲಿಗೆ ಆಗಿದ್ದು ಎಂದು ಮನೆಯವರು ಅಂದುಕೊಂಡಿದ್ದರು. "ಕೂತ್ರ ಏಳಾಕ ಆಗವಲ್ದು ರೀ, ನೆಲಕ್ಕ ಕೈ ಊರಿ ಏಳ್ತಾಳ," ಎಂದರು ತಾಯಿ. ರಕ್ತದ ವರದಿಯಲ್ಲಿ ಎಎಸ್‌ಟಿ ಎಂಬ ಕಿಣ್ವ ಏರಿದ್ದರಿಂದ ಮೊದಲು ಕಾಮಣಿ ಎಂದು ನಾಟಿ ಔಷಧವನ್ನೂ ಕೊಡಿಸಿದ್ದರಂತೆ. ಇದನ್ನು ಒತ್ತಿ ಹೇಳಬೇಕು: ಎಎಸ್‌ಟಿ, ಎಎಲ್‌ಟಿ ಯಕೃತ್ತಿನಿಂದ ಮಾತ್ರ ಬರುವುದಿಲ್ಲ, ಸ್ನಾಯುವಿನಿಂದಲೂ ಬರುತ್ತವೆ. ಸ್ನಾಯುವಿನ ಮುಖ್ಯ ಕಿಣ್ವವಾದ ಸಿಕೆ ಈ ಕಾಯಿಲೆಯಲ್ಲಿ ಕೆಲವು ಮಕ್ಕಳಿಗೆ ನಾರ್ಮಲ್ ಆಗಿಯೇ ಇರುತ್ತದೆ. ಸಿಕೆ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಸ್ನಾಯುವಿನ ಕಾಯಿಲೆ ಅಲ್ಲ ಎಂದು ಬಿಟ್ಟುಬಿಡಬಾರದು.

ಇನ್ನು ನಾನು ಸ್ಕ್ಯಾನ್ ಮಾಡುವ ಕ್ರಮ. 1.5 ಟೆಸ್ಲಾ ಯಂತ್ರ ಧಾರಾಳವಾಗಿ ಸಾಕು. ಸೊಂಟದಿಂದ ಮಂಡಿಯವರೆಗೆ ಎರಡೂ ಕಡೆ ಒಟ್ಟಿಗೆ ತೆಗೆಯುತ್ತೇನೆ. ಒಂದೇ ಕಾಲು ತೆಗೆದರೆ ಎರಡೂ ಕಡೆ ಸಮನಾಗಿ ಇದೆಯೇ ಎಂದು ತಿಳಿಯದು, ಆ ಪ್ರಶ್ನೆಗೆ ಉತ್ತರ ಬೇಕೇ ಬೇಕು. ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ಬಗೆ, ಎರಡು ಕಡ್ಡಾಯ. ಸ್ಟಿರ್ ಎನ್ನುವುದು ಕೊಬ್ಬಿನ ಹೊಳಪನ್ನು ಅಡಗಿಸಿ ನೀರನ್ನು ಮೇಲೆತ್ತಿ ತೋರಿಸುತ್ತದೆ, ಈಗ ನಡೆಯುತ್ತಿರುವ ಉರಿಯೂತ ಕಾಣುವುದು ಅದರಲ್ಲಿ. ಟಿ1 ಚಿತ್ರ ಹಳೆಯ ಹಾನಿಯನ್ನು ಹೇಳುತ್ತದೆ: ಸ್ನಾಯು ಸಣಕಲಾಗಿದೆಯೇ, ಅದರ ಜಾಗಕ್ಕೆ ಕೊಬ್ಬು ಬಂದಿದೆಯೇ ಎಂದು. ಆ ಹುಡುಗಿಯ ಟಿ1 ಚಿತ್ರ ಚೆನ್ನಾಗಿತ್ತು, ಅಂದರೆ ಸ್ನಾಯು ಇನ್ನೂ ಕೈಬಿಟ್ಟಿರಲಿಲ್ಲ. ಕೊಬ್ಬನ್ನು ಅಡಗಿಸುವ ಇನ್ನೊಂದು ಬಗೆಯಾದ ಟಿ2 ಫ್ಯಾಟ್‌ಸ್ಯಾಟ್ ಬದಲು ಸ್ಟಿರ್ ಏಕೆ ಎಂದು ಕಿರಿಯರು ಕೇಳುತ್ತಾರೆ. ಇಷ್ಟು ಅಗಲದ ಜಾಗದಲ್ಲಿ ಅಂಚುಗಳಲ್ಲಿ ಕೊಬ್ಬು ಸರಿಯಾಗಿ ಅಡಗದೆ ಹೊಳೆದು ಉಳಿಯುತ್ತದೆ, ಅದನ್ನೇ ಬಾವು ಎಂದು ಓದುವ ಅಪಾಯ ಇದೆ. ಸ್ಟಿರ್ ಎಲ್ಲೆಡೆ ಒಂದೇ ಸಮ ಬರುತ್ತದೆ. ಕಾಂಟ್ರಾಸ್ಟ್ ಔಷಧ ಈ ಪ್ರಶ್ನೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಕೀವಿನ ಗಂಟು ಇರಬಹುದು ಎಂಬ ಅನುಮಾನ ಬಂದಾಗ ಮಾತ್ರ ಕೊಡುತ್ತೇನೆ. ಕೊಡುವುದಾದರೆ ಸ್ಟಿರ್ ಮೊದಲೇ ಮುಗಿದಿರಬೇಕು, ಕಾಂಟ್ರಾಸ್ಟ್ ಆದ ಮೇಲಿನ ಸ್ಟಿರ್ ನಂಬುವಂಥದ್ದಲ್ಲ. ಮಗು ಸುಮ್ಮನೆ ಮಲಗಿದ್ದರೆ ಕತ್ತಿನಿಂದ ಪಾದದವರೆಗೆ ಮುಂದಿನಿಂದ ನೋಡಿದಂತೆ ಕಾಣುವ ಒಂದು ಕೊರೋನಲ್ ಸ್ಟಿರ್ ಸೇರಿಸುತ್ತೇನೆ. ಭುಜ, ಕತ್ತು, ಬೆನ್ನಿನ ಸ್ನಾಯುಗಳು ಎಷ್ಟು ಸೇರಿವೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಚಿತ್ರಕ್ಕಿಂತ ಮೊದಲಿನ ಕೆಲಸವೇ ಹೆಚ್ಚು. ಹಿಂದಿನ ದಿನ ಫಿಸಿಯೊಥೆರಪಿಯಲ್ಲಿ ಜೋರಾಗಿ ವ್ಯಾಯಾಮ ಮಾಡಿಸಿದ್ದರೆ ಆರೋಗ್ಯವಂತ ಸ್ನಾಯುವೂ ಸ್ಟಿರ್‌ನಲ್ಲಿ ಬೆಳ್ಳಗಾಗಬಹುದು. ನಮ್ಮಲ್ಲಿ ಮಕ್ಕಳಿಗೆ ಜ್ವರ ಬಂದರೆ ಕುಂಡಿಗೆ ಇಂಜೆಕ್ಷನ್ ಹಾಕಿಸುವ ರೂಢಿ ಇನ್ನೂ ಇದೆ. ಚುಚ್ಚಿದ ಜಾಗ ಕೆಲವು ದಿನ ಬಿಳಿಯಾಗಿಯೇ ಕಾಣುತ್ತದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಯ ಸೂಜಿಯ ಕತೆಯೂ ಅಷ್ಟೆ. ಆದ್ದರಿಂದ ಇವನ್ನೆಲ್ಲ ಕೇಳಿ ಬರೆದುಕೊಳ್ಳದೆ ನಾನು ಚಿತ್ರ ಓದುವುದಿಲ್ಲ. ಸ್ಟೆರಾಯ್ಡ್ ಶುರುವಾಗಿದೆಯೇ ಎಂಬುದೂ ಮುಖ್ಯ. ಶುರುವಾದ ಮೇಲೆ ಬಾವು ಇಳಿಯತೊಡಗುತ್ತದೆ, ಆಗ ತೆಗೆದ ಚಿತ್ರ ರೋಗವನ್ನು ಕಡಿಮೆ ಮಾಡಿ ತೋರಿಸುತ್ತದೆ. ಹಾಗೆಂದು ಉಸಿರಾಟಕ್ಕೋ ನುಂಗುವುದಕ್ಕೋ ತೊಂದರೆ ಇರುವ ಮಗುವಿನ ಚಿಕಿತ್ಸೆಯನ್ನು ಸ್ಕ್ಯಾನಿಗಾಗಿ ಒಂದು ಗಂಟೆಯೂ ತಡೆಯಬಾರದು.

ನುಂಗುವ ಮಾತು ಬಂದಿತಲ್ಲ, ಸೆಡೇಶನ್ ಬಗ್ಗೆಯೂ ಹೇಳಿಬಿಡುತ್ತೇನೆ. ಚಿಕ್ಕ ಮಕ್ಕಳು ಆ ಸದ್ದಿನಲ್ಲಿ ಅಲುಗಾಡದೆ ಮಲಗುವುದಿಲ್ಲ, ನಿದ್ದೆಯ ಔಷಧ ಬೇಕಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ಗಂಟಲಿನ ಸ್ನಾಯುವೂ ಸೋತಿರಬಹುದು. ಮಗು ಮೂಗಿನಲ್ಲಿ ಮಾತಾಡುತ್ತಿದ್ದರೆ, ನೀರು ಕುಡಿಯುವಾಗ ಕೆಮ್ಮಿದರೆ, ಕುಡಿದದ್ದು ಮೂಗಿನಿಂದ ಬಂದರೆ, ವಾರ್ಡಿನಲ್ಲಿ ಸಿರಪ್ ಕುಡಿಸಿ ಕಳಿಸುವ ಮಾತೇ ಇಲ್ಲ. ಅರಿವಳಿಕೆ ತಜ್ಞರು ಪಕ್ಕದಲ್ಲಿ ನಿಂತಿರಬೇಕು. ಸ್ವಲ್ಪ ದೊಡ್ಡ ಮಕ್ಕಳಾದರೆ ತಾಯಿಯನ್ನು ಒಳಗೇ ಕೂರಿಸಿ, ಕಿವಿಗೆ ಹತ್ತಿ ಮತ್ತು ಹೆಡ್‌ಫೋನ್ ಹಾಕಿ, ಮೊದಲು ಸ್ಟಿರ್ ಮುಗಿಸಿಬಿಡುತ್ತೇನೆ. ನಡುವೆ ಮಗು ಎದ್ದುಬಿಟ್ಟರೂ ಮುಖ್ಯವಾದದ್ದು ಕೈಯಲ್ಲಿರುತ್ತದೆ.

ಉಡಿದಾರ, ತಾಯತ, ಕಾಲ್ಗೆಜ್ಜೆ ತೆಗೆಸುವುದು ಬೇರೆಯೇ ಕೆಲಸ. ಸೊಂಟದ ಬೆಳ್ಳಿ ಉಡಿದಾರ ಸರಿಯಾಗಿ ನಾವು ನೋಡಬೇಕಾದ ಜಾಗದಲ್ಲೇ ಚಿತ್ರವನ್ನು ಕೆಡಿಸುತ್ತದೆ, ಚರ್ಮಕ್ಕೆ ಬಿಸಿಯೂ ತಾಗಬಹುದು. ತಾಯತದೊಳಗೆ ಯಾವ ಲೋಹವಿದೆ ಎಂದು ಹೊರಗಿನಿಂದ ಹೇಳಲಾಗದು. "ದೇವರ ದಾರ ಐತ್ರಿ, ಬಿಚ್ಚಾಕ ಬರಂಗಿಲ್ಲ," ಎನ್ನುವ ಅಜ್ಜಿಯರ ಹತ್ತಿರ ಕತ್ತರಿ ಹಿಡಿದುಕೊಂಡು ಹೋಗಬಾರದು. "ಅಜ್ಜಿ, ನೀವ ಬಿಚ್ರಿ, ನಿಮ್ಮ ಕೈಯಾಗ ಇಟಗೋರಿ, ಮುಗದ ಕೂಡಲೇ ನೀವ ಕಟ್ರಿ," ಎಂದರೆ ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಚಿತ್ರ ಓದುವಾಗ ಬಿಳಿ ಕಂಡದ್ದೆಲ್ಲ ರೋಗವಲ್ಲ. ಮಕ್ಕಳ ಮೂಳೆಯಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆ ಹೆಚ್ಚು, ಅದು ಸ್ಟಿರ್‌ನಲ್ಲಿ ತುಸು ಬೆಳ್ಳಗೇ ಇರುತ್ತದೆ. ಮೂಳೆ ಬೆಳೆಯುವ ಪಟ್ಟಿ, ರಕ್ತನಾಳಗಳು ಕೂಡ ಹಾಗೆಯೇ. ಇವನ್ನು ಬದಿಗಿಟ್ಟು ನಾನು ನಾಲ್ಕು ಪದರ ನೋಡುತ್ತೇನೆ: ಸ್ನಾಯು, ಸ್ನಾಯುವನ್ನು ಸುತ್ತಿದ ಫೇಶಿಯಾ ಪೊರೆ, ಚರ್ಮದಡಿಯ ಕೊಬ್ಬು, ಚರ್ಮ. ನಾಲ್ಕರಲ್ಲೂ ಬಾವು, ಅದೂ ಎರಡೂ ಕಡೆ ಇದ್ದರೆ ಡರ್ಮಟೊಮಯೊಸೈಟಿಸ್ ಪರವಾದ ಸಾಕ್ಷ್ಯ ಗಟ್ಟಿಯಾಗುತ್ತದೆ. ಒಂದೇ ಕಡೆ, ಒಂದೇ ಸ್ನಾಯುವಿನಲ್ಲಿ, ಜ್ವರದ ಜೊತೆ ಕಂಡರೆ ಮೊದಲು ನೆನಪಾಗಬೇಕಾದದ್ದು ಸ್ನಾಯುವಿನಲ್ಲಿ ಕೀವು ತುಂಬುವ ಪಯೊಮಯೊಸೈಟಿಸ್. ಅದು ನಮ್ಮಂಥ ಉಷ್ಣ ದೇಶಗಳಲ್ಲಿ ಸಾಕಷ್ಟು ಕಾಣಿಸುತ್ತದೆ, ಅಲ್ಲಿ ಸ್ಟೆರಾಯ್ಡ್ ಕೊಟ್ಟರೆ ಅನಾಹುತ. ಫ್ಲೂ ಬಂದು ಇಳಿಯುವ ಹೊತ್ತಿಗೆ ಮೀನಖಂಡ ನೋವೆಂದು ತುದಿಗಾಲಲ್ಲಿ ನಡೆಯುವ ಮಗುವಿನದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಹೋಗುವ ವೈರಲ್ ಮಯೊಸೈಟಿಸ್, ಅದಕ್ಕೆ ಎಂಆರ್‌ಐ ಖರ್ಚೇ ಬೇಡ. ಹುಡುಗರಲ್ಲಿ ಸ್ನಾಯು ಕ್ರಮೇಣ ಕ್ಷೀಣಿಸುವ ಡ್ಯೂಶೆನ್ ಡಿಸ್ಟ್ರೋಫಿಯೂ ನೆಲಕ್ಕೆ ಕೈಯೂರಿ ಏಳುವಂತೆ ಮಾಡುತ್ತದೆ. ಅಲ್ಲಿ ಟಿ1 ಚಿತ್ರದಲ್ಲಿ ಪೃಷ್ಠದ ಸ್ನಾಯುಗಳಿಗೆ ಕೊಬ್ಬು ಸೇರಿರುತ್ತದೆ, ಒಳತೊಡೆಯ ಗ್ರೆಸಿಲಿಸ್, ಸಾರ್ಟೋರಿಯಸ್ ಬಹುಕಾಲ ಉಳಿದುಕೊಂಡಿರುತ್ತವೆ, ಚರ್ಮ ಮಾತ್ರ ತೆಳುವಾಗಿ ನಾರ್ಮಲ್ ಇರುತ್ತದೆ.

ಈ ಕಾಯಿಲೆಯನ್ನು ಗುರುತಿಸಲು ಬೋಹನ್ ಮತ್ತು ಪೀಟರ್ ಎಂಬ ವೈದ್ಯರು 1975ರಲ್ಲಿ ಕೊಟ್ಟ ಮಾನದಂಡದಲ್ಲಿ ಎಂಆರ್‌ಐ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಯುರೋಪ್ ಮತ್ತು ಅಮೆರಿಕದ ಸಂಧಿವಾತ (ರುಮಟಾಲಜಿ) ಸಂಘಟನೆಗಳ 2017ರ ಯುಲಾರ್–ಎಸಿಆರ್ ಮಾನದಂಡದಲ್ಲೂ ಅದಕ್ಕೆ ಅಂಕ ಇಲ್ಲ. ಆದರೂ ಮಕ್ಕಳ ವೈದ್ಯರು ಇಎಂಜಿ ಮತ್ತು ಸ್ನಾಯುವಿನ ತುಣುಕು ತೆಗೆದು ನೋಡುವ ಬಯಾಪ್ಸಿಯ ಬದಲು ಎಂಆರ್‌ಐ ಕಡೆ ವಾಲಿದ್ದಾರೆ, ಅದು ಸರಿ ಎಂದೇ ನನ್ನ ಅಭಿಪ್ರಾಯ. ಚರ್ಮದ ಗುರುತುಗಳು ಸ್ಪಷ್ಟವಾಗಿದ್ದು ತೊಡೆಯ ಚಿತ್ರವೂ ಹೊಂದಿದರೆ ಏಳು ವರ್ಷದ ಮಗುವಿಗೆ ಸೂಜಿಯ ನೋವು ಏಕೆ ಕೊಡಬೇಕು? ಚರ್ಮದ ಗುರುತು ಇಲ್ಲದಿದ್ದಾಗ ಬಯಾಪ್ಸಿ ಬೇಕೇ ಬೇಕು. ರೋಗ ತೇಪೆಗಳಂತೆ ಹರಡಿರುವುದರಿಂದ ಕುರುಡಾಗಿ ತೆಗೆದ ತುಣುಕು ನಾರ್ಮಲ್ ಬಂದುಬಿಡಬಹುದು. ಆಗ ಸ್ಟಿರ್ ನೋಡಿಕೊಂಡು, ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು, ಚರ್ಮದ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿಕೊಡುತ್ತೇನೆ. ಟಿ1ರಲ್ಲಿ ಕೊಬ್ಬಾಗಿರುವ ಜಾಗವನ್ನು ತಪ್ಪಿಸಬೇಕು, ಅಲ್ಲಿ ಓದಲು ಸ್ನಾಯುವೇ ಸಿಗದು.

ಆ ಹುಡುಗಿಗೆ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್, ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಶುರುವಾಯಿತು. ಸ್ಟೆರಾಯ್ಡ್ ಒಂದನ್ನೇ ಕೊಡುವುದಕ್ಕಿಂತ ಮೆಥೊಟ್ರೆಕ್ಸೇಟ್ ಸೇರಿಸುವುದು ಮೇಲು ಎಂದು ಮಕ್ಕಳ ರುಮಟಾಲಜಿಯ ಅಂತರರಾಷ್ಟ್ರೀಯ ಸಂಶೋಧಕರ ಪ್ರಿಂಟೋ ಗುಂಪಿನ ಅಧ್ಯಯನ 2016ರಲ್ಲಿ ತೋರಿಸಿದೆ. ಕೆಲವು ತಿಂಗಳ ಮೇಲೆ ಶಕ್ತಿ ಮತ್ತೆ ಕುಂದಿದೆ ಎಂದು ಕರೆತಂದರು. ಎಂಆರ್‌ಐ ನಿಜವಾಗಿ ಬೆಲೆ ಕಟ್ಟಲಾಗದಷ್ಟು ಉಪಯೋಗಕ್ಕೆ ಬರುವುದು ಇಂಥ ಕಡೆ. ರೋಗ ಮರುಕಳಿಸಿದರೂ ಬಲ ಕುಂದುತ್ತದೆ, ಸ್ಟೆರಾಯ್ಡ್‌ನಿಂದಲೂ ಕುಂದುತ್ತದೆ, ಆದರೆ ಒಂದಕ್ಕೆ ಔಷಧ ಹೆಚ್ಚಿಸಬೇಕು, ಇನ್ನೊಂದಕ್ಕೆ ಸ್ಟೆರಾಯ್ಡ್ ಇಳಿಸಬೇಕು. ಸ್ಟಿರ್ ಚಿತ್ರ ಕಪ್ಪಾಗಿತ್ತು, ಎಲ್ಲೂ ಬಾವು ಇರಲಿಲ್ಲ. ಮಕ್ಕಳ ವೈದ್ಯರು ಸ್ಟೆರಾಯ್ಡ್ ಇಳಿಸುತ್ತ ಬಂದರು, ಹುಡುಗಿ ಚೇತರಿಸಿಕೊಂಡಳು.

ವರದಿಯಲ್ಲಿ "ಮಯೊಸೈಟಿಸ್ ಇದೆ" ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ ಎಂದು ಕಿರಿಯ ರೇಡಿಯಾಲಜಿಸ್ಟರಿಗೆ ನಾನು ಹೇಳುತ್ತಲೇ ಇರುತ್ತೇನೆ. ಯಾವ ಯಾವ ಸ್ನಾಯು, ಎಷ್ಟು ತೀವ್ರ, ಪೊರೆ ಮತ್ತು ಚರ್ಮ ಸೇರಿವೆಯೇ, ಕೊಬ್ಬು ಬಂದಿದೆಯೇ, ಬಯಾಪ್ಸಿಗೆ ಯಾವ ಜಾಗ ಒಳ್ಳೆಯದು, ಸ್ಟೆರಾಯ್ಡ್ ಶುರುವಾಗಿ ಎಷ್ಟು ದಿನವಾಗಿತ್ತು, ಇವಿಷ್ಟೂ ಇರಲಿ. ಇಂಥ ಮಕ್ಕಳು ಕೊನೆಗೆ ತಲುಪುವುದು ಹೆಚ್ಚಾಗಿ ಬೆಂಗಳೂರಿನ ಮಕ್ಕಳ ರುಮಟಾಲಜಿ ತಜ್ಞರ ಬಳಿ, ರಾತ್ರಿ ರೈಲಿಗೆ ಹೊರಡುವ ತಂದೆತಾಯಿ ಒಯ್ಯುವುದು ಮಡಚಿದ ಫಿಲ್ಮ್ ಮಾತ್ರ. ಅಚ್ಚಾದ ಸಣ್ಣ ಚೌಕಗಳಲ್ಲಿ ತೆಳುವಾದ ಬಾವು ಕಾಣುವುದಿಲ್ಲ. ಎಲ್ಲ ಚಿತ್ರಗಳಿರುವ ಸಿಡಿಯನ್ನು ಕೇಳದಿದ್ದರೂ ಲಕೋಟೆಯಲ್ಲಿ ಹಾಕಿಕೊಡಿ, ಹೊಸ ಸ್ಕ್ಯಾನ್ ಮತ್ತೆ ಮಾಡಿಸುವ ಖರ್ಚು ಮತ್ತು ಮಗುವಿನ ಇನ್ನೊಂದು ಸೆಡೇಶನ್ ತಪ್ಪುತ್ತದೆ.