20 ಸಾವಿರದೊಳಗೆ ಒಂದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ

ಮೀಡಿಯಂ ಫಾರ್ಮ್ಯಾಟ್ ಅಂದರೆ ಸಾಮಾನ್ಯ 35 ಎಂಎಂಗಿಂತ ದೊಡ್ಡ ಫಿಲ್ಮ್ ಹಾಕುವ ಕ್ಯಾಮೆರಾ. ನಾನು ಕೊಂಡ ಮೊದಲನೆಯದಕ್ಕೆ 4,200 ರೂಪಾಯಿ ಕೊಟ್ಟಿದ್ದೆ. ಅದರಲ್ಲಿ ಒಂದೇ ಒಂದು ಸರಿಯಾದ ಫೋಟೋ ಬರಲಿಲ್ಲ. ಜರ್ಮನಿಯ ಹಳೇ ಮಡಚುವ ಕ್ಯಾಮೆರಾ ಅದು. ಮುಚ್ಚಿದರೆ ಕೋಟಿನ ಜೇಬಿಗೆ ಹೋಗುತ್ತದೆ. ಗುಂಡಿ ಒತ್ತಿದರೆ ಹಾರ್ಮೋನಿಯಂ ತಿದಿಯಂಥ ಬೆಲ್ಲೋಸ್ ಬಿಚ್ಚಿಕೊಂಡು ಲೆನ್ಸ್ ಮುಂದೆ ಬರುತ್ತದೆ. ಆನ್‌ಲೈನ್‌ನಲ್ಲಿ ನೋಡಿದೆ, ಮರುಳಾದೆ, ದುಡ್ಡು ಕಳಿಸಿದೆ. ‘ಕಂಡೀಷನ್ ಸೂಪರ್ ಸಾರ್’ ಅಂದಿದ್ದರು ಮಾರಿದವರು. ಕೈಗೆ ಬಂದಾಗ ಫೋಕಸ್ ರಿಂಗ್ ಅಲುಗಾಡಲೇ ಇಲ್ಲ. ಒಳಗಿನ ಗ್ರೀಸ್ ಅಷ್ಟು ವರ್ಷಗಳಲ್ಲಿ ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ರಾತ್ರಿ ದೀಪ ಆರಿಸಿ ಬೆಲ್ಲೋಸ್ ಒಳಗೆ ಮೊಬೈಲ್ ಟಾರ್ಚ್ ಹಿಡಿದೆ. ಮೂಲೆಮೂಲೆಯಲ್ಲೂ ನಕ್ಷತ್ರ.

ರಿಪೇರಿಗೆ ವಿಚಾರಿಸಿದರೆ ಹೊಸ ಬೆಲ್ಲೋಸ್ ಹಾಕೋದಕ್ಕೇ ಕ್ಯಾಮೆರಾಗಿಂತ ಜಾಸ್ತಿ. ಅದನ್ನು ಬೀರುವಿನಲ್ಲಿಟ್ಟು ಮತ್ತೆ ಮೊದಲಿಂದ ಲೆಕ್ಕ ಹಾಕಿದೆ. ಈ ಸಲ 20 ಸಾವಿರ. ಕ್ಯಾಮೆರಾ, ರಿಪೇರಿ, ಮೊದಲ ನಾಲ್ಕು ರೋಲ್ ಫಿಲ್ಮ್, ಎಲ್ಲ ಅದರಲ್ಲೇ ಮುಗಿಯಬೇಕು.

ಡಿಜಿಟಲ್ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಮನೆಯಲ್ಲೂ ಕೇಳಿದರು. ನನ್ನ ಉತ್ತರ ನೆಗೆಟಿವ್‌ನ ಗಾತ್ರ. ಸಾಮಾನ್ಯ 35 ಎಂಎಂ ಫಿಲ್ಮಿನ ಒಂದು ಫ್ರೇಮ್ 24×36 ಮಿಲಿಮೀಟರ್. ಮೀಡಿಯಂ ಫಾರ್ಮ್ಯಾಟಿಗೆ ಹಾಕುವ 120 ಫಿಲ್ಮಿನಲ್ಲಿ ‘6×6’ (ಸೆಂಟಿಮೀಟರ್) ಅನ್ನುವ ಚೌಕ ಫ್ರೇಮ್ ನಿಜವಾಗಿ 56×56 ಮಿಲಿಮೀಟರ್. ಅಂದರೆ ಮೂರೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಜಾಗ. ಇದರಲ್ಲಿ ದುಡ್ಡಿನ ವಿಷಯವೂ ಇದೆ. ನನ್ನ ಹತ್ತಿರ ಇರುವುದು ಸಾಧಾರಣ ಫ್ಲಾಟ್‌ಬೆಡ್ ಸ್ಕ್ಯಾನರ್. 35 ಎಂಎಂ ನೆಗೆಟಿವ್ ಅದರಲ್ಲಿ ಮಂಕಾಗಿ ಬರುತ್ತದೆ. ಅದೇ ಸ್ಕ್ಯಾನರಿಗೆ 6×6 ನೆಗೆಟಿವ್ ಕೊಟ್ಟರೆ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಸಿಗುತ್ತದೆ.

120 ಫಿಲ್ಮ್ ಕೊಡಾಕ್ 1901ರಲ್ಲಿ ತಂದದ್ದು. ಇವತ್ತಿಗೂ ಅದೇ ಅಳತೆ, ಅದೇ ಕಾಗದದ ಬೆನ್ನು. ಹಾಗಾಗಿ ಅಜ್ಜನ ಕಾಲದ ಕ್ಯಾಮೆರಾಗೂ ಇವತ್ತು ತಯಾರಾದ ಫಿಲ್ಮ್ ಸರಿಯಾಗಿ ಕೂರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿ ಅಗ್ಫಾ ಕ್ಲಿಕ್ 3 ಬಿದ್ದಿರುತ್ತದೆ. ಅದಕ್ಕೆ ಹಾಕುವುದೂ ಇದೇ ಫಿಲ್ಮ್. ಸಿಕ್ಕಿದರೆ ಒಂದು ರೋಲ್ ಹಾಕಿ ನೋಡಿ, ಕ್ಯಾಮೆರಾ ಖರ್ಚಿಲ್ಲದೆ ಕೈ ಪಳಗುತ್ತದೆ. ಆದರೆ ಅದರಲ್ಲಿ ಬದಲಾಯಿಸಲಿಕ್ಕೆ ಅಂತ ಹೆಚ್ಚೇನೂ ಇಲ್ಲ. ಒಳ್ಳೇ ಬಿಸಿಲು ಬೇಕೇ ಬೇಕು.

ಯಾರನ್ನು ಕೇಳಿದರೂ ಮೊದಲು ಹೇಳುವುದು ಮಾಮಿಯಾ ಆರ್‌ಬಿ67. ಒಬ್ಬ ಗೆಳೆಯನ ಹತ್ತಿರ ಇತ್ತು. ಒಂದು ಭಾನುವಾರ ಎರವಲು ತಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಲೆನ್ಸ್ ಸೇರಿ ಎರಡೂವರೆ ಕಿಲೋ ದಾಟುತ್ತದೆ, ಅದರ ಮೇಲೆ ಟ್ರೈಪಾಡ್. ನಂದಿ ಹತ್ತಿರ ಬರುವಾಗಲೇ ಫೋಟೋ ಆಸೆ ಹೋಗಿ ಕಬ್ಬಿನ ಹಾಲಿನ ಆಸೆ ಹುಟ್ಟಿತು. ಕ್ಯಾಮೆರಾ ಮಾತ್ರ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಟರಿ ಬೇಡ, ಹಿಂದಿನ ಬ್ಯಾಕ್ ತಿರುಗಿಸಿದರೆ ಅಡ್ಡ ಫೋಟೋ ಉದ್ದವಾಗುತ್ತದೆ. ಮನೆಯಲ್ಲಿ ಕೂತು ಮುಖ ತೆಗೆಯುವವರು ಕಣ್ಮುಚ್ಚಿ ಕೊಳ್ಳಬಹುದು. ನಾನು ಬೀದಿ ಸುತ್ತುವವನು.

ಆಮೇಲೆ ಬ್ರೋನಿಕಾ. 6×4.5 ಅಳತೆಯ ಇಟಿಆರ್‌ಎಸ್, 6×6ರ ಎಸ್‌ಕ್ಯೂ-ಎ ಎರಡೂ ದುಬಾರಿ ಹ್ಯಾಸಲ್‌ಬ್ಲಾಡ್ ಕ್ಯಾಮೆರಾ ಮುಂದೆ ಅಗ್ಗ. ಮನಸ್ಸು ವಾಲಿತ್ತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಹಳೇ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಕಾಣಲು ಹೋದೆ. ನಲವತ್ತು ವರ್ಷದಿಂದ ಅದೇ ಕಸುಬು. ಮಾತು ಕಮ್ಮಿ. ನನ್ನ ಪಟ್ಟಿ ನೋಡಿ ಕನ್ನಡಕ ಹಣೆ ಮೇಲೆ ಏರಿಸಿದರು.

‘ನೋಡಿ ಸಾರ್, ಸ್ಪ್ರಿಂಗು, ಗಿಯರು ಇರೋದು ತಗೊಂಡು ಬನ್ನಿ. ನಾನು ಇರೋವರೆಗೂ ಮಾಡಿಕೊಡ್ತೀನಿ. ಸರ್ಕ್ಯೂಟ್ ಇರೋದು ತರಬೇಡಿ. ಅದು ಸತ್ರೆ ಸತ್ತ ಹಾಗೇನೆ.’

ಬ್ರೋನಿಕಾದ ಷಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲು, ಎಲೆಕ್ಟ್ರಾನಿಕ್. ಬ್ಯಾಟರಿ ಖಾಲಿಯಾದರೆ ಸೆಕೆಂಡಿನ 1/500 ಒಂದೇ ವೇಗ ಉಳಿಯುತ್ತದೆ. ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಬದಲಿ ಸಿಗಬೇಕು ಅಂದರೆ ಅಂಥದ್ದೇ ಇನ್ನೊಂದು ಸತ್ತ ಕ್ಯಾಮೆರಾ ಹುಡುಕಬೇಕು. ಅವತ್ತು ಆ ಅಂಗಡಿ ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಪಟ್ಟಿ ಅರ್ಧ ಆಗಿತ್ತು. ಉಳಿದವು ಎರಡು ಕಣ್ಣಿನ ಕ್ಯಾಮೆರಾಗಳು, ಅಂದರೆ ಟಿಎಲ್‌ಆರ್. ಮೇಲಿನ ಲೆನ್ಸ್ ನೋಡೋದಕ್ಕೆ, ಕೆಳಗಿನದು ತೆಗೆಯೋದಕ್ಕೆ. ಒಳಗೆ ಎದ್ದು ಬೀಳುವ ಕನ್ನಡಿಯಿಲ್ಲ, ಸದ್ದಿಲ್ಲ, ಕೆಡುವುದಕ್ಕೆ ಜಾಸ್ತಿ ಭಾಗಗಳೂ ಇಲ್ಲ.

ಟಿಎಲ್‌ಆರ್ ಅಂದರೆ ರೋಲೈಫ್ಲೆಕ್ಸ್ ಅನ್ನುತ್ತಾರೆ. 1929ರಿಂದ ಬಂದ ಹೆಸರು, ಬೆಲೆಯೂ ಹಾಗೇ ಇದೆ. ಅದರ ತಮ್ಮ ರೋಲೈಕಾರ್ಡ್ ಸಿಕ್ಕಿದರೆ ನೋಡಿ, ನನಗೆ ಸಿಗಲಿಲ್ಲ. ರಷ್ಯಾದ ಲುಬಿಟೆಲ್ ಬಹಳ ಅಗ್ಗ, ಬಹಳ ಹಗುರ. ಆದರೆ ಅದರ ಗಾಜಿನ ನಡುವಿನ ಒಂದು ಚಿಕ್ಕ ಬೊಟ್ಟಿನಲ್ಲಿ ಮಾತ್ರ ಫೋಕಸ್ ಕಾಣುವುದು. ನನ್ನ ಕಣ್ಣಿಗೆ ಆಗಲಿಲ್ಲ. ಚೀನಾದ ಸೀಗಲ್ ಪರವಾಗಿಲ್ಲ, ಆದರೆ ಒಂದೊಂದು ಪೀಸ್ ಒಂದೊಂದು ಥರ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು.

ಕೊನೆಗೆ ಉಳಿದದ್ದು ಜಪಾನಿನ ಯಾಶಿಕಾ. ಎಲ್ಲರೂ ಹುಡುಕುವುದು 1970ರಲ್ಲಿ ಬಂದ ಮ್ಯಾಟ್-124ಜಿ. ಅದರಲ್ಲಿ ಬೆಳಕಿನ ಮೀಟರ್ ಇದೆ, ಫಿಲ್ಮ್ ತಿರುಗಿಸುವ ಹಿಡಿ ಇದೆ. ಆ ಹೆಸರಿಗೇ ಬೆಲೆ ಏರಿ ಕೂತಿದೆ. ಆದರೆ ಆ ಮೀಟರಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ಮಾಡುವವರಿಲ್ಲ. ಇಷ್ಟು ಹಳೇ ಮೀಟರ್ ಸರಿ ತೋರಿಸುತ್ತದೆ ಅನ್ನುವ ಭರವಸೆಯೂ ಇಲ್ಲ. ಮೊಬೈಲಿನಲ್ಲಿ ಪುಕ್ಕಟೆ ಲೈಟ್ ಮೀಟರ್ ಇರುವಾಗ ಕೆಟ್ಟ ಮೀಟರಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ? ಅದಕ್ಕೇ ಮೀಟರೇ ಇಲ್ಲದ ಯಾಶಿಕಾ-ಡಿ ಹುಡುಕಿದೆ. 1958ರಲ್ಲಿ ಬಂದ ಮಾಡೆಲ್. 80 ಎಂಎಂ ಎಫ್ 3.5 ಲೆನ್ಸ್, ಒಂದು ಸೆಕೆಂಡಿನಿಂದ 1/500ವರೆಗೆ ವೇಗ. ಹೆಚ್ಚಿನವುಗಳಲ್ಲಿ ಮೂರು ಗಾಜಿನ ಯಾಶಿಕಾರ್ ಲೆನ್ಸ್ ಇರುತ್ತದೆ. ಕೊನೆಯ ವರ್ಷಗಳ ಕೆಲವಕ್ಕೆ ನಾಲ್ಕು ಗಾಜಿನ ಯಾಶಿನಾನ್. ಮುಂದೆ ಬರೆದಿರುವ ಹೆಸರು ಓದಿದರೆ ಗೊತ್ತಾಗುತ್ತದೆ. ನನ್ನದು ಯಾಶಿಕಾರ್. ಲೆನ್ಸ್ ಪೂರ್ತಿ ತೆರೆದ ಎಫ್ 3.5ರಲ್ಲಿ ಫೋಟೋದ ಅಂಚು ಸ್ವಲ್ಪ ಮೆತ್ತಗೆ, ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಳಿಸಿದರೆ ಯಾವ ತಕರಾರೂ ಇಲ್ಲ.

ಸಿಕ್ಕಿದ್ದು ಮೈಸೂರಿನಲ್ಲೇ, ಮುಚ್ಚಿಹೋದ ಒಂದು ಸ್ಟುಡಿಯೋದವರ ಮನೆಯಲ್ಲಿ. ಯಜಮಾನರ ಮಗ 15 ಸಾವಿರ ಹೇಳಿದರು. ‘ನಿಧಾನಕ್ಕೆ ನೋಡಿ, ಕಾಫಿ ಮಾಡ್ಸ್ತೀನಿ’ ಅಂದರು. ಒಂದು ಗಂಟೆ ನೋಡಿದೆ.

ಮೊದಲು ಹಿಂದಿನ ಬಾಗಿಲು ತೆಗೆದು, ಷಟರ್ ‘ಬಿ’ಗೆ (ಒತ್ತಿದಷ್ಟು ಹೊತ್ತು ತೆರೆದಿರುವ ಹಾಗೆ) ಇಟ್ಟು, ಲೆನ್ಸ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟೆ. ಸಣ್ಣ ಧೂಳು ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಜೇಡರ ಬಲೆಯ ಹಾಗೆ ಎಳೆಎಳೆಯಾಗಿ ಕಂಡರೆ ಅದು ಫಂಗಸ್, ನಮ್ಮ ಮಾತಿನ ಬೂಷ್ಟು. ಕೆಳಗಿನ ಲೆನ್ಸ್ ಶುದ್ಧ. ಮೇಲಿನ ನೋಡುವ ಲೆನ್ಸಿನ ಅಂಚಿನಲ್ಲಿ ಒಂದಿಷ್ಟು ಬೂಷ್ಟು ಇತ್ತು. ಅದು ಫೋಟೋದಲ್ಲಿ ಬರುವುದಿಲ್ಲ, ಚೌಕಾಸಿಗೆ ಮಾತ್ರ ಬರುತ್ತದೆ.

ಷಟರ್ ನೋಡಲು ಮೊಬೈಲಿನ ಸ್ಲೋ ಮೋಷನ್ ಬಳಸಿದೆ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲನ್ನು ಹಿಂದಿನಿಂದ ಲೆನ್ಸಿಗೆ ಹಿಡಿದು, ಷಟರ್ ಎಷ್ಟು ಫ್ರೇಮ್ ತೆರೆದಿರುತ್ತದೆ ಅಂತ ಎಣಿಸಬೇಕು. 1/8 ಸೆಕೆಂಡಿಗೆ 30 ಫ್ರೇಮ್ ಬರಬೇಕು, 1/30ಕ್ಕೆ 8. ಅದಕ್ಕಿಂತ ವೇಗದ್ದನ್ನು ಈ ಲೆಕ್ಕದಲ್ಲಿ ನಂಬಬಾರದು. ನನ್ನದರಲ್ಲಿ 1/30 ಸರಿಯಿತ್ತು. 1/8ಕ್ಕೆ 44 ಫ್ರೇಮ್ ಬಂತು. ಒಂದು ಸೆಕೆಂಡಿಗೆ ಇಟ್ಟರೆ ಕ್ರರ್ ಅಂತ ಶುರುವಾಗಿ ಮಧ್ಯದಲ್ಲಿ ಉಸಿರು ಹಿಡಿದು ಆಮೇಲೆ ಮುಚ್ಚಿಕೊಂಡಿತು. ಎಣ್ಣೆ ಜಿಡ್ಡು ಕಟ್ಟಿದ ಗಿಯರಿನ ಲಕ್ಷಣ ಅದು, ತೊಳೆದರೆ ಹೋಗುತ್ತದೆ. ಷಟರ್ ರೆಕ್ಕೆಗಳ ಮೇಲೆ ಎಣ್ಣೆ ಹೊಳೆಯುತ್ತಿರಲಿಲ್ಲ. ಅದು ಒಳ್ಳೇದು.

ಎಲ್ಲರೂ ಮರೆಯುವ ಪರೀಕ್ಷೆ ಒಂದಿದೆ. ಮೇಲಿನ ಲೆನ್ಸಿನಲ್ಲಿ ಕಂಡ ಫೋಕಸ್ಸೇ ಕೆಳಗಿನದ್ದರಲ್ಲೂ ಇದೆಯಾ? ಫಿಲ್ಮ್ ಕೂರುವ ಕಂಬಿಗಳ ಮೇಲೆ ಮಂಜುಗಾಜಿನಂಥ ಸೆಲ್ಲೋಟೇಪ್ ಬಿಗಿಯಾಗಿ ಅಂಟಿಸಿ, ಷಟರ್ ತೆರೆದಿಟ್ಟು, ಎದುರು ಮನೆಯ ಕಿಟಕಿ ಸರಳು ನೋಡಿದೆ. ಮೇಲೆಯೂ ಸರಳು ಚೂಪು, ಟೇಪಿನ ಮೇಲೆಯೂ ಚೂಪು. ಕಾಫಿ ಆರಿತ್ತು. 13,500ಕ್ಕೆ ಮಾತು ಮುಗಿಯಿತು.

ರಿಪೇರಿಯವರು 2,500 ತಗೊಂಡು ಷಟರ್ ತೊಳೆದು, ಬಾಗಿಲಿನ ಬೆಳಕು ತಡೆಯುವ ಪಟ್ಟಿ ಬದಲಿಸಿ, ಬೂಷ್ಟು ಒರೆಸಿ ಕೊಟ್ಟರು. ಅವರ ಕಪಾಟಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲಿನ ಖಾಲಿ ಡಬ್ಬಗಳು ಸಾಲಾಗಿದ್ದವು. ‘ಆಗ ಪಕ್ಕದಲ್ಲೇ ಫಿಲ್ಮ್ ಮಾಡ್ತಿದ್ರು, ಈಗ ಇಂಗ್ಲೆಂಡಿಂದ ತರಿಸ್ತೀರಿ’ ಅಂದರು. 16 ಸಾವಿರಕ್ಕೆ ಕ್ಯಾಮೆರಾ ಸಿದ್ಧವಾಯಿತು. ಉಳಿದ 4 ಸಾವಿರದಲ್ಲಿ ನಾಲ್ಕು ರೋಲ್ ಇಲ್‌ಫೋರ್ಡ್ ಎಚ್‌ಪಿ5 ಕಪ್ಪುಬಿಳುಪು ಫಿಲ್ಮ್.

ಮೊದಲ ರೋಲ್ ತೀರ್ಥಹಳ್ಳಿಯ ದೊಡ್ಡಮ್ಮನ ಮನೆಯಲ್ಲಿ. ಫಿಲ್ಮ್ ಹಾಕುವುದು ಸುಲಭ. ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಕೆಂಪು ಚುಕ್ಕೆಗೆ ಬರುವವರೆಗೆ ಸುತ್ತಿ, ಬಾಗಿಲು ಮುಚ್ಚಿ, ತಡೆಯುವವರೆಗೆ ತಿರುಗಿಸಿದರೆ ಒಂದನೇ ಫ್ರೇಮ್. ಕಷ್ಟ ಇರುವುದು ನೋಡುವುದರಲ್ಲಿ. ಎಡಬಲ ಅದಲುಬದಲು. ಕರು ಎಡಕ್ಕೆ ಹೋದರೆ ಗಾಜಿನಲ್ಲಿ ಬಲಕ್ಕೆ ಹೋಗುತ್ತದೆ, ನಾನು ಕ್ಯಾಮೆರಾ ಇನ್ನೊಂದು ಕಡೆ ತಿರುಗಿಸುವಷ್ಟರಲ್ಲಿ ಕರು ಕೊಟ್ಟಿಗೆ ಸೇರಿತು. ಎರಡು ದಿನ ಬೇಕಾಯಿತು ಕೈ ಕೂರಲು.

ಈ ಕ್ಯಾಮೆರಾದ ಇನ್ನೊಂದು ಗುಣ ಅವತ್ತು ಗೊತ್ತಾಯಿತು. ಫಿಲ್ಮ್ ತಿರುಗಿಸುವುದು ಬೇರೆ, ಷಟರ್ ಎಳೆಯುವುದು ಬೇರೆ. ತಿರುಗಿಸಲು ಮರೆತರೂ ಅದು ತಡೆಯುವುದಿಲ್ಲ, ಅದೇ ಫ್ರೇಮಿನ ಮೇಲೆ ಇನ್ನೊಂದು ಫೋಟೋ. ತೊಳೆದು ನೋಡಿದರೆ ಅಂಗಳದಲ್ಲಿ ಅಡಿಕೆ ಹರಡುತ್ತಿರುವ ದೊಡ್ಡಮ್ಮ, ಸರಿಯಾಗಿ ಅವರ ಹೊಟ್ಟೆಯ ಮೇಲೆ ಬಚ್ಚಲೊಲೆಯ ಉರಿ. ಅವರಿಗೆ ತೋರಿಸಿದೆ.

‘ಎಂಥದಾ ಇದು? ದೊಡ್ಡಮ್ಮಂಗೆ ಹೊಟ್ಟೆಉರಿ ಅಂತ ಊರಿಗೆಲ್ಲ ತೋರ್ಸಕ್ಕಾ?’

ಪ್ರಿಂಟ್ ಮಾತ್ರ ಇಟ್ಟುಕೊಂಡರು. ಆವತ್ತಿನಿಂದ ನನ್ನದೊಂದು ರೂಢಿ, ಫೋಟೋ ತೆಗೆದ ತಕ್ಷಣ ಫಿಲ್ಮ್ ತಿರುಗಿಸಿಬಿಡುತ್ತೇನೆ.

ಕ್ಯಾಮೆರಾದ ಖರ್ಚು ಒಂದು ಸಲ, ಫಿಲ್ಮಿನದು ಪ್ರತಿ ಸಲ. ಒಂದು ರೋಲಿಗೆ ನಾನು ಕೊಡುವುದು ಸುಮಾರು 950, ಲ್ಯಾಬಿನಲ್ಲಿ ತೊಳೆದು ಸ್ಕ್ಯಾನ್ ಮಾಡಿಸಿದರೆ 450. ಒಟ್ಟು 1,400. 6×6ರಲ್ಲಿ 12 ಫೋಟೋ, ಒಂದಕ್ಕೆ 117 ರೂಪಾಯಿ. ಆರ್‌ಬಿ67ರ 6×7ರಲ್ಲಿ ಬರೀ 10, ಒಂದಕ್ಕೆ 140. ಮಡಚುವ ಕ್ಯಾಮೆರಾಗಳ 6×9ರಲ್ಲಿ 8, ಒಂದಕ್ಕೆ 175. ಕ್ಯಾಮೆರಾ ಬೆಲೆ ನೋಡುವ ಮುಂಚೆ ಈ ಲೆಕ್ಕ ಹಾಕಬೇಕಿತ್ತು, ನಾನು ಹಾಕಿದ್ದು ಆಮೇಲೆ.

ಎರಡನೇ ರೋಲಿನಿಂದ ಮನೆಯಲ್ಲೇ ತೊಳೆಯುತ್ತಿದ್ದೇನೆ. ಕಪ್ಪುಬಿಳುಪು ಅಂಥ ಕಷ್ಟವೇನಲ್ಲ. ಬೆಳಕು ನುಗ್ಗದ ಪ್ಯಾಟರ್‌ಸನ್ ಟ್ಯಾಂಕ್, ಅದರ ರೀಲ್ ಅಗಲಿಸಿದರೆ 120 ಕೂರುತ್ತದೆ, ಒಂದು ರೋಲಿಗೆ 500 ಮಿಲಿಲೀಟರ್ ದ್ರಾವಣ. ಎಚ್‌ಪಿ5ಗೆ ಮತ್ತೆ ನೀರು ಬೆರೆಸದ ಡಿ-76 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ನಮ್ಮಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರೇ ಅದಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಡುತ್ತೇನೆ. ಕತ್ತಲೆಗೆ ಬಚ್ಚಲುಮನೆ, ಬಾಗಿಲ ಸಂದಿಗೆ ಕಂಬಳಿ.

ಮಳೆಗಾಲಕ್ಕೆ ಒಂದು ಮಾತು. ಹಳೇ ಚರ್ಮದ ಚೀಲ ನೋಡಲು ಚೆಂದ, ಆದರೆ ತೇವ ಹೀರಿಕೊಂಡು ಕೂರುತ್ತದೆ. ಅದರಲ್ಲಿ ಕ್ಯಾಮೆರಾ ಇಡಬೇಡಿ. ನನ್ನದು ಗಾಳಿಯಾಡದ ಅಕ್ಕಿ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ ಇರುತ್ತದೆ. ಬಣ್ಣ ತಿರುಗಿದಾಗ ಜೆಲ್ಲನ್ನು ಹಳೇ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ.

ಆ ಮಡಚುವ ಕ್ಯಾಮೆರಾ ಇನ್ನೂ ಬೀರುವಿನಲ್ಲೇ ಇದೆ. ಅಣ್ಣನ ಮಗಳು ಅದಕ್ಕೆ ಕಣ್ಣು ಹಾಕಿದ್ದಾಳೆ. ‘ಚಿಕ್ಕಪ್ಪಾ, ಕೆಟ್ಟಿದ್ರೂ ಪರವಾಗಿಲ್ಲ, ಕೊಡು’ ಅನ್ನುತ್ತಾಳೆ. ಬೆಲ್ಲೋಸ್ ತೂತುಗಳಿಗೆ ಕಪ್ಪು ಫ್ಯಾಬ್ರಿಕ್ ಪೇಂಟ್ ಬಳಿಯುತ್ತಿದ್ದೇನೆ. ಹನ್ನೊಂದು ಮುಚ್ಚಿದೆ, ನಿನ್ನೆ ರಾತ್ರಿ ಟಾರ್ಚ್ ಹಿಡಿದರೆ ಇನ್ನೂ ನಾಲ್ಕು ಕಂಡವು.